ಸ್ವಂತ ವಿಕಿ ಇಟ್ಕೊಂಡಿರೋರು: ನಿಮಗೋಸ್ಕರ ಬರ್ಕೊಂಡಿದ್ದನ್ನ ಬೇರೆಯವರಿಗೆ ಹೇಗೆ ಕೊಡ್ತೀರ?

ದಾರದುಂಡೆ
ಎಲ್ರಿಗೂ ನಮಸ್ಕಾರ. ಹಳೇ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್ ಬರೋ ಮುಂಚಿನ, ಗಾಜಿನ ಕೊಳವೆಗಳಿರೋ ಸೆಟ್) ರಿಪೇರಿ ನನ್ನ ಹವ್ಯಾಸ. ಕಲ್ತಿದ್ದೆಲ್ಲಾ ವರ್ಷಗಳಿಂದ ಒಂದು ಸ್ವಂತ ವಿಕಿಯಲ್ಲಿ ಹಾಕ್ತಾ ಬಂದಿದೀನಿ, ಯಾವ ಸೆಟ್‌ನಲ್ಲಿ ಏನು ಹೋಗಿತ್ತು, ಯಾವ ಪಾಯಿಂಟ್‌ನಲ್ಲಿ ಎಷ್ಟು ವೋಲ್ಟೇಜ್ ಇರ್ಬೇಕಿತ್ತು ಎಷ್ಟು ಬಂತು, ಯಾವ ವಾಲ್ವ್ ಸಿಗದಿದ್ರೆ ಅದರ ಜಾಗಕ್ಕೆ ಯಾವುದು ಕೂರತ್ತೆ, ಇಂಥದ್ದೆಲ್ಲ. ಪುಟದಿಂದ ಪುಟಕ್ಕೆ ಲಿಂಕ್ ಇರೋದ್ರಿಂದ ಒಂದು ಲಕ್ಷಣ ಹಿಡ್ಕೊಂಡು ಹೋದ್ರೆ ಹಿಂದೆ ಅದೇ ಲಕ್ಷಣ ತೋರಿಸಿದ್ದ ಎಲ್ಲಾ ಸೆಟ್ಟೂ ಕಣ್ಮುಂದೆ ಬರತ್ತೆ, ನೋಟ್‌ಬುಕ್‌ನಲ್ಲಿ ಇದು ಯಾವತ್ತೂ ಆಗ್ತಿರ್ಲಿಲ್ಲ.

ಈಗ ಇದೇ ಹವ್ಯಾಸ ಇರೋ ಹೊಸಬರು ಕೇಳ್ತಿದಾರೆ, ಕೊಡಿ ಅಂತ. ಕೊಡೋಕೆ ಖುಷಿನೇ. ಆದ್ರೆ ಒಂದು ಪುಟ ತೆಗೆದು ನೋಡಿದ್ರೆ ಹೀಗಿದೆ: "ಹಮ್ ಜಾಸ್ತಿ. ಫಿಲ್ಟರ್ ಕೆಪ್ ಬದಲಾಯಿಸಿ ನೋಡು. ಹೋಗದಿದ್ರೆ ಕಪ್ಲಿಂಗ್." ಇಷ್ಟೇ. ಹಮ್ ಅಂದ್ರೆ ಸ್ಪೀಕರ್‌ನಲ್ಲಿ ಬರೋ ಗುಂಯ್ ಸದ್ದು, ಕೆಪ್ ಅಂದ್ರೆ ಕೆಪಾಸಿಟರ್, ಕಪ್ಲಿಂಗ್ ಅಂದ್ರೆ ಒಂದು ಹಂತದಿಂದ ಮುಂದಿನ ಹಂತಕ್ಕೆ ಸಿಗ್ನಲ್ ದಾಟಿಸೋ ಕೆಪಾಸಿಟರ್. ನನಗೆ ಇದು ಸಾಕು. ಬೇರೆಯವರಿಗೆ? ನಿಮ್ಮಲ್ಲಿ ಸ್ವಂತ ವಿಕಿ ಹಂಚ್ಕೊಂಡಿರೋರು ಇದ್ರೆ ಹೇಳಿ, ಎಲ್ಲಾ ತೆರೆದಿಟ್ರಾ, ಬೇರೆಯಾಗಿ ಬರೆದ್ರಾ, ಯಾವ ಟೂಲ್, ಕನ್ನಡದಲ್ಲಿ ಬರೆಯೋಕೆ ಏನಾದ್ರೂ ತೊಂದ್ರೆ ಇದ್ಯಾ?

ಕಪ್ಪುಶಾಯಿ
ಟೂಲ್ ವಿಷಯ ಆಮೇಲೆ ನೋಡೋಣ ಸರ್, ನೀವು ಕೊಟ್ಟ ಆ ಮೂರು ವಾಕ್ಯದ ಪುಟಾನೇ ಮೊದಲು ನೋಡಬೇಕು.

ವಾಲ್ವ್ ಸೆಟ್‌ನ ಫಿಲ್ಟರ್ ಕೆಪಾಸಿಟರ್ ಮೇಲೆ ಇನ್ನೂರು ಮುನ್ನೂರು ವೋಲ್ಟ್ ಡಿಸಿ ಇರತ್ತೆ, ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಉಳ್ಕೊಂಡಿರಬಹುದು. ಮುಟ್ಟೋಕೆ ಮುಂಚೆ ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ ಮೀಟರ್‌ನಲ್ಲಿ ನೋಡಿ ಖಚಿತ ಮಾಡ್ಕೋಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ ಆದ್ರೆ ಚಾಸಿಸ್ಸೇ, ಅಂದ್ರೆ ಒಳಗಿನ ಲೋಹದ ಚೌಕಟ್ಟೇ, ನೇರ ಮೇನ್ಸ್‌ಗೆ ಸೇರಿರಬಹುದು, ಮೇನ್ಸ್‌ನಿಂದ ಬೇರ್ಪಡಿಸೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ದೆ ಅದನ್ನ ಟೇಬಲ್ ಮೇಲೆ ಬಿಚ್ಚಿಟ್ಟು ಕೆಲಸ ಮಾಡೋದು ಪ್ರಾಣಕ್ಕೇ ಅಪಾಯ. ಇದೆಲ್ಲ ನಿಮ್ಮ ಪುಟದಲ್ಲಿ ಇಲ್ಲ, ಯಾಕಂದ್ರೆ ನಿಮ್ಮ ಕೈಗೆ ಅದು ಅಭ್ಯಾಸ ಆಗಿಬಿಟ್ಟಿದೆ, ಬರೆಯೋ ಅಗತ್ಯಾನೇ ಬರ್ಲಿಲ್ಲ. ಸ್ವಂತಕ್ಕೆ ಬರೆಯೋ ಎಲ್ಲಾ ಟಿಪ್ಪಣಿಯಲ್ಲೂ ಇದೇ ಆಗೋದು, ನಮಗೆ ಚೆನ್ನಾಗಿ ಗೊತ್ತಿರೋದೇ ಮೊದಲು ಬಿಟ್ಟುಹೋಗತ್ತೆ, ಬರೆದಿರೋದು ನಮಗೆ ಅವತ್ತು ಹೊಸದಾಗಿ ಕಂಡಿದ್ದು ಮಾತ್ರ.

ಹಾಗಾಗಿ ಹಂಚೋದು ಅಂದ್ರೆ ಫೈಲ್ ಅಪ್‌ಲೋಡ್ ಮಾಡೋದಷ್ಟೇ ಅಲ್ಲ, ಬಿಟ್ಟುಹೋಗಿರೋದನ್ನ ಕೂತು ತುಂಬಿಸೋದು. ಅದಕ್ಕೆ ಸಮಯ ಹಿಡಿಯತ್ತೆ. ಎಲ್ಲಾ ಪುಟಕ್ಕೂ ಮಾಡೋಕೆ ಹೋದ್ರೆ ಯಾವುದೂ ಮುಗಿಯಲ್ಲ. ಯಾರೋ ಒಬ್ರು ನಿಜವಾಗಿ ಕೇಳಿದ ಪುಟ ಯಾವುದೋ ಅದನ್ನ ಮೊದಲು ಮಾಡಿ.

ಸೊನ್ನೆಒಂದು
ಕಪ್ಪುಶಾಯಿ ಅವರು ಹೇಳಿದ್ದು ಸರಿ, ಆದ್ರೂ ಟೂಲ್ ಬಗ್ಗೆ ಕೇಳಿದೀರಲ್ಲ, ನಾನು ಬಳಸಿ ನೋಡಿರೋದನ್ನ ಹೇಳಿಬಿಡ್ತೀನಿ.

ಟಿಡ್ಲಿವಿಕಿ: 2004ರಲ್ಲಿ ಜೆರೆಮಿ ರಸ್ಟನ್ ಶುರು ಮಾಡಿದ್ದು. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲು. ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ರೆ ಎದುರಿನವರು ಬ್ರೌಸರ್‌ನಲ್ಲಿ ತೆಗೆದು ಓದ್ತಾರೆ, ಏನೂ ಇನ್‌ಸ್ಟಾಲ್ ಮಾಡೋದು ಬೇಡ. ಓದೋಕೆ ಇಷ್ಟು ಸುಲಭ ಇರೋದು ಬೇರೆ ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ತೊಂದ್ರೆ ಏನಂದ್ರೆ ಬ್ರೌಸರ್ ತಾನಾಗೇ ಆ ಫೈಲ್ ಮೇಲೆ ಸೇವ್ ಮಾಡಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಮಾಡ್ಕೋಬೇಕು, ಮತ್ತೆ ಫೋಟೋ ತುಂಬಿದ್ರೆ ಫೈಲ್ ಭಾರ ಆಗತ್ತೆ. ನಿಮಗೆ ಸರ್ಕ್ಯೂಟ್ ಫೋಟೋ ಜಾಸ್ತಿ ಇರತ್ತಲ್ವಾ, ಅದಕ್ಕೆ ಯೋಚ್ನೆ ಮಾಡಿ.

ಡೋಕುವಿಕಿ: ಇದೂ 2004ರದ್ದೇ, ಆಂಡ್ರಿಯಾಸ್ ಗೋರ್ ಅವರದ್ದು. ಡೇಟಾಬೇಸ್ ಬೇಡ, ಪ್ರತಿ ಪುಟವೂ ಒಂದು ಟೆಕ್ಸ್ಟ್ ಫೈಲಾಗಿ ಡಿಸ್ಕ್‌ನಲ್ಲಿ ಇರತ್ತೆ, ಹಳೇ ಆವೃತ್ತಿಗಳೂ ಉಳಿಯತ್ತೆ. ಪಿಎಚ್‌ಪಿ ಭಾಷೆಯ ಪ್ರೋಗ್ರಾಂ ಓಡೋ ಸರ್ವರ್ ಬೇಕು. ಯಾವ ವಿಭಾಗ ಯಾರಿಗೆ ಕಾಣ್ಬೇಕು ಅಂತ ಅನುಮತಿ ಇಡೋದು ಇದರಲ್ಲಿ ಚೆನ್ನಾಗಿದೆ. ನಾಲ್ಕೈದು ಜನ ಸೇರಿ ಬರೀತೀರ ಅಂದ್ರೆ ಇದೇ ಸಾಕು.

ಮೀಡಿಯಾವಿಕಿ ವಿಕಿಪೀಡಿಯಾ ಓಡಿಸೋ ಸಾಫ್ಟ್‌ವೇರ್, ಒಬ್ಬರಿಗೆ ಅದು ಅತಿಯಾಯ್ತು. ಡೇಟಾಬೇಸ್ ಬ್ಯಾಕಪ್, ಅಪ್‌ಡೇಟ್ ಅಂತ ಅದನ್ನ ನೋಡ್ಕೊಳೋದೇ ಒಂದು ಕೆಲಸ ಆಗತ್ತೆ.

ಅಬ್ಸಿಡಿಯನ್, ಲಾಗ್‌ಸೀಕ್, ಝಿಮ್ ಇವೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ಫೋಲ್ಡರ್ ಇಟ್ಕೊಂಡು ಕೆಲಸ ಮಾಡೋವು. ಅಬ್ಸಿಡಿಯನ್ ಓಪನ್ ಸೋರ್ಸ್ ಅಲ್ಲ, ಆದ್ರೆ ಪುಟಗಳು ಬರೀ ಮಾರ್ಕ್‌ಡೌನ್ ಫೈಲು (ಸರಳ ಗುರುತುಗಳಿರೋ ಮಾಮೂಲಿ ಟೆಕ್ಸ್ಟ್), ನಾಳೆ ಅದು ನಿಂತುಹೋದ್ರೂ ನೋಟ್‌ಪ್ಯಾಡ್‌ನಲ್ಲಿ ತೆಗೆದು ಓದಬಹುದು. ನನಗೆ ಮುಖ್ಯ ಇದೇ. ವಿಕಿಸ್ಪೇಸಸ್ ಅಂತ ಒಂದು ಸೇವೆ ಇತ್ತು, ಎಷ್ಟೋ ಶಿಕ್ಷಕರು ಪಾಠದ ವಿಕಿ ಅಲ್ಲೇ ಕಟ್ಟಿದ್ರು, 2018ರಲ್ಲಿ ಮುಚ್ಚೋಕೆ ಶುರು ಮಾಡ್ತು. ಎಕ್ಸ್‌ಪೋರ್ಟ್ ಮಾಡ್ಕೊಂಡೋರ ಹತ್ರ ಉಳೀತು. ಅದಕ್ಕೇ ಯಾವ ಟೂಲ್ ತಗೊಂಡ್ರೂ ಮೊದಲ ದಿನವೇ ಎಕ್ಸ್‌ಪೋರ್ಟ್ ಮಾಡಿ, ಹೊರಗೆ ಏನು ಬರತ್ತೆ ಅಂತ ಕಣ್ಣಾರೆ ನೋಡಿ.

ಇನ್ನೊಂದು, ಎರಡು ಚೌಕ ಬ್ರಾಕೆಟ್ ಹಾಕೋ ವಿಕಿ ಲಿಂಕ್ ಮಾರ್ಕ್‌ಡೌನ್‌ನ ಮೂಲ ನಿಯಮದಲ್ಲಿ ಇಲ್ಲ. ಜಾನ್ ಗ್ರೂಬರ್ 2004ರಲ್ಲಿ ಬಿಟ್ಟಿದ್ದ ಮಾರ್ಕ್‌ಡೌನ್‌ನಲ್ಲಿ ಅದು ಇರ್ಲಿಲ್ಲ, ಆಮೇಲೆ ಒಂದೊಂದು ಟೂಲೂ ಸೇರಿಸ್ಕೊಂಡಿದ್ದು. ಅದಕ್ಕೆ ಒಂದು ಟೂಲ್‌ನಿಂದ ಇನ್ನೊಂದಕ್ಕೆ ಹೋದಾಗ ಬರಹ ಬರತ್ತೆ, ಲಿಂಕ್‌ಗಳು ಕೆಲವೊಮ್ಮೆ ಸಾಯತ್ತೆ.

ಓದುಗಣ್ಣು
ಒಂದು ಪ್ರಶ್ನೆ, ತಪ್ಪು ತಿಳೀಬೇಡಿ. ಇಷ್ಟೆಲ್ಲ ಯಾಕೆ? ಏನು ಬೇಕಾದ್ರೂ ಸರ್ಚ್ ಮಾಡಿದ್ರೆ ಸಿಗತ್ತೆ, ಈಗಂತೂ ಚಾಟ್‌ಬಾಟ್ ಕೇಳಿದ್ರೆ ಒಂದು ನಿಮಿಷದಲ್ಲಿ ಸಾರಾಂಶ ಕೊಡತ್ತೆ. ನಾನೂ ಒಂದು ಕಾಲದಲ್ಲಿ ಲೇಖನಗಳನ್ನ ಸೇವ್ ಮಾಡಿ ಮಾಡಿ ಗುಡ್ಡೆ ಹಾಕಿದ್ದೆ, ವಾಪಸ್ ತೆಗೆದು ಓದಿದ್ದು ತುಂಬಾ ಕಮ್ಮಿ.

ದಾರದುಂಡೆ
ತಪ್ಪೇನಿಲ್ಲ, ನ್ಯಾಯವಾದ ಪ್ರಶ್ನೆ. ಫಿಲ್ಟರ್ ಕೆಪಾಸಿಟರ್ ಅಂದ್ರೇನು ಅನ್ನೋದು ನೆಟ್‌ನಲ್ಲಿ ಇದೆ, ಅದನ್ನ ನಾನು ಬರೆದೇ ಇಲ್ಲ. ಆದ್ರೆ ಒಂದು ಸೆಟ್‌ನಲ್ಲಿ ಹಮ್ ಬರ್ತಿತ್ತು, ಫಿಲ್ಟರ್ ಬದಲಾಯಿಸಿದ್ರೂ ಹೋಗ್ಲಿಲ್ಲ, ಔಟ್‌ಪುಟ್ ವಾಲ್ವ್‌ನ ಗ್ರಿಡ್ (ಕರೆಂಟ್ ಹತೋಟಿ ಮಾಡೋ ಭಾಗ) ಅಳತೆ ಮಾಡಿದ್ರೆ ಇರಬಾರದ ಪಾಸಿಟಿವ್ ವೋಲ್ಟೇಜ್ ಇತ್ತು, ಹಳೇ ಪೇಪರ್ ಕಪ್ಲಿಂಗ್ ಕೆಪಾಸಿಟರ್ ಲೀಕ್ ಆಗ್ತಿತ್ತು, ವಾಲ್ವ್ ಅತಿಯಾಗಿ ಕಾಯ್ತಿತ್ತು. ಅವತ್ತು ಏನೇನು ಅಳೆದೆ, ಯಾವ ಕ್ರಮದಲ್ಲಿ, ಏನು ಮಾಡಿ ಉಪಯೋಗ ಆಗ್ಲಿಲ್ಲ, ಇದು ಬೇರೆ ಎಲ್ಲೂ ಇಲ್ಲ. ಮುಖ್ಯವಾಗಿ "ಉಪಯೋಗ ಆಗ್ಲಿಲ್ಲ" ಅನ್ನೋ ಸಾಲು. ಜನ ಗೆದ್ದಿದ್ದನ್ನ ಬರೀತಾರೆ, ಸುಮ್ನೆ ಸಮಯ ತಿಂದ ದಾರಿಗಳನ್ನ ಯಾರೂ ಬರೆಯಲ್ಲ. ನನ್ನ ವಿಕಿಯಲ್ಲಿ ನಾನು ಅತಿ ಹೆಚ್ಚು ವಾಪಸ್ ಹೋಗಿ ಓದೋದು ಆ ಸಾಲುಗಳನ್ನೇ.

ಲೇಖನ ಸೇವ್ ಮಾಡೋದು ಬೇರೆ. ಅದು ನೀವು ಹೇಳಿದ ಹಾಗೇ ಗುಡ್ಡೆ.

ಮರಕುಟಿಗ
ಓದುಗಣ್ಣು ಅವರ ಪ್ರಶ್ನೆಗೆ ನಾನೂ ಸ್ವಲ್ಪ ಸೇರಿಸ್ತೀನಿ, ಉದ್ದ ಆದ್ರೆ ಸಹಿಸ್ಕೊಳ್ಳಿ, ಈ ವಿಷಯದ ಮೇಲೆ ನನಗೆ ಪ್ರೀತಿ ಜಾಸ್ತಿ.

ನಿಕ್ಲಾಸ್ ಲೂಮನ್ ಅಂತ ಜರ್ಮನಿಯ ಸಮಾಜಶಾಸ್ತ್ರಜ್ಞ ಇದ್ರು, 1998ರಲ್ಲಿ ತೀರ್ಕೊಂಡ್ರು. ಅವರ ಮರದ ಪೆಟ್ಟಿಗೆಗಳಲ್ಲಿ ಸುಮಾರು 90,000 ಚೀಟಿಗಳಿದ್ವು. ಪ್ರತಿ ಚೀಟಿಗೂ ಒಂದು ಸಂಖ್ಯೆ, ಒಂದು ಚೀಟಿ ಇನ್ನೊಂದರ ಸಂಖ್ಯೆಯನ್ನ ಹೇಳತ್ತೆ, ಹೊಸ ವಿಚಾರ ಬಂದಾಗ ಎರಡು ಚೀಟಿ ಮಧ್ಯೆ ಜಾಗ ಮಾಡ್ಕೊಂಡು ಕೂರಿಸಬಹುದು. ಕಂಪ್ಯೂಟರೇ ಇಲ್ಲದ ವಿಕಿ ಅದು. ಇವತ್ತು ನೋಟ್ಸ್ ಬಗ್ಗೆ ಮಾತಾಡೋರೆಲ್ಲ ಆ 90,000 ಸಂಖ್ಯೆಯನ್ನೇ ಹಿಡ್ಕೊಂಡು ನಾವೂ ಅಷ್ಟು ಸೇರಿಸ್ಬೇಕು ಅಂತ ಹೊರಡ್ತಾರೆ, ಅದು ನನಗೆ ಸರಿ ಕಾಣಲ್ಲ. ಅವರು ಓದಿದ್ದನ್ನ ನಕಲು ಮಾಡಿ ಪೆಟ್ಟಿಗೆಗೆ ಹಾಕ್ಲಿಲ್ಲ, ತಮ್ಮ ವಾಕ್ಯದಲ್ಲಿ ಬರೆದು, ಇದು ಪೆಟ್ಟಿಗೆಯಲ್ಲಿ ಆಗ್ಲೇ ಇರೋ ಯಾವುದಕ್ಕೆ ಸೇರತ್ತೆ ಅಂತ ಯೋಚಿಸಿ ಹಾಕಿದ್ರು. ಆ ಯೋಚ್ನೆ ಮಾಡೋ ಹೊತ್ತಲ್ಲೇ ವಿಷಯ ತಲೆಗೆ ಇಳಿಯೋದು. ಚಾಟ್‌ಬಾಟ್ ಸಾರಾಂಶ ತಂದು ಅಂಟಿಸಿದ್ರೆ ಪುಟ ಹುಟ್ಟತ್ತೆ, ಆದ್ರೆ ನಿಮ್ಮೊಳಗೆ ಏನೂ ಆಗಿರಲ್ಲ.

ಹಂಚೋ ವಿಚಾರಕ್ಕೆ ಬಂದ್ರೆ ವನ್ನೆವಾರ್ ಬುಷ್ ನೆನಪಾಗ್ತಾರೆ. 1945ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಮೆಮೆಕ್ಸ್ ಅನ್ನೋ ಯಂತ್ರದ ಕಲ್ಪನೆ ಬರೆದ್ರು. ಒಂದು ಮೇಜು, ಒಳಗೆ ಮೈಕ್ರೋಫಿಲ್ಮ್‌ನಲ್ಲಿ ಒಬ್ಬರ ಎಲ್ಲಾ ಪುಸ್ತಕ, ಪತ್ರ, ಟಿಪ್ಪಣಿ. ಯಂತ್ರ ಯಾರೂ ಕಟ್ಟಲಿಲ್ಲ. ಆದ್ರೆ ಅದರಲ್ಲಿ ಒಂದು ವಿಚಾರ ಇತ್ತು, ಓದೋರು ಒಂದು ಪುಟದಿಂದ ಇನ್ನೊಂದಕ್ಕೆ ಹೋದ ದಾರಿಯನ್ನೇ ಉಳಿಸಿ, ಆ ದಾರಿಯನ್ನ ಗೆಳೆಯರಿಗೆ ಕೊಡೋದು. ಪುಟಗಳ ರಾಶಿ ಕೊಡೋ ಬದಲು ಜಾಡು ಕೊಡೋದು. ದಾರದುಂಡೆ ಅವರೇ, ನಿಮ್ಮ ಹೊಸಬರಿಗೆ ಬೇಕಾಗಿರೋದು ಇದೇ ಅನ್ಸತ್ತೆ. "ಹಮ್ ಬರ್ತಿದೆ" ಅನ್ನೋ ಒಂದು ಪುಟ ಮಾಡಿ, ಮೊದಲು ಸುರಕ್ಷತೆ, ಆಮೇಲೆ ಇದನ್ನ ಅಳೆಯಿರಿ, ಇಷ್ಟಿದ್ರೆ ಈ ಪುಟ, ಅಷ್ಟಿದ್ರೆ ಆ ಪುಟ. ಒಳಗಿನ ಪುಟಗಳು ಚಿಕ್ಕದಾಗಿ, ಒರಟಾಗಿ ಇದ್ರೂ ನಡೆಯತ್ತೆ, ದಾರಿ ತೋರಿಸೋ ಪುಟ ಮಾತ್ರ ಪೂರ್ತಿ ಇರ್ಲಿ.

ಮತ್ತೆ ಪುಟದ ತಲೆಬರಹಾನ ವಾಕ್ಯವಾಗಿ ಬರೀರಿ. "ಕಪ್ಲಿಂಗ್ ಕೆಪಾಸಿಟರ್" ಅನ್ನೋದಕ್ಕಿಂತ "ಕಪ್ಲಿಂಗ್ ಕೆಪಾಸಿಟರ್ ಲೀಕ್ ಆದ್ರೆ ಔಟ್‌ಪುಟ್ ವಾಲ್ವ್ ಕಾಯತ್ತೆ" ಅಂತಿದ್ರೆ ಲಿಂಕ್ ನೋಡಿದ್ರೇ ಅರ್ಧ ವಿಷಯ ಗೊತ್ತಾಗತ್ತೆ.

ಸೊನ್ನೆಒಂದು
ತಲೆಬರಹ ವಾಕ್ಯ ಆಗಿರ್ಬೇಕು ಅನ್ನೋದನ್ನ ನಾನು ಒಪ್ಪಲ್ಲ, ಕನಿಷ್ಠ ಎಲ್ಲದಕ್ಕೂ ಒಪ್ಪಲ್ಲ. ವಾಲ್ವ್‌ನ ಪಿನ್ ಜೋಡಣೆ, ರೇಟಿಂಗ್ ಇರೋ ಪುಟಕ್ಕೆ ಆ ವಾಲ್ವ್ ನಂಬರ್ರೇ ಹೆಸರು. ಹುಡುಕೋರು ಅದನ್ನೇ ಟೈಪ್ ಮಾಡೋದು. ವಾಕ್ಯದ ತಲೆಬರಹ ವಿಚಾರಕ್ಕೆ ಚೆನ್ನಾಗಿ ಹೊಂದತ್ತೆ, ವಸ್ತುವಿಗೆ ಹೊಂದಲ್ಲ.

ಮರಕುಟಿಗ
ಒಪ್ದೆ. ವಸ್ತುವಿಗೆ ಹೆಸರು, ಅನುಭವಕ್ಕೆ ವಾಕ್ಯ.

ಅಕ್ಷರಜೋಡಿ
ಕನ್ನಡದಲ್ಲಿ ಬರೆಯೋಕೆ ತೊಂದ್ರೆ ಇದ್ಯಾ ಅಂತ ಕೇಳಿದ್ರಲ್ಲ, ಯಾರೂ ಉತ್ತರ ಕೊಟ್ಟಿಲ್ಲ. ಇದೆ, ಆದ್ರೆ ಎಲ್ಲದಕ್ಕೂ ದಾರಿ ಇದೆ. ನಾನು ಪೂರ್ತಿ ಕನ್ನಡದಲ್ಲೇ ವಿಕಿ ಇಟ್ಟಿದೀನಿ, ಅದನ್ನ ಬಿಟ್ಟು ಬೇರೆ ಭಾಷೆಗೆ ಹೋಗೋ ಯೋಚ್ನೆ ಬಂದಿಲ್ಲ, ಯಾಕಂದ್ರೆ ನಾನು ಯೋಚ್ನೆ ಮಾಡೋದೇ ಇದರಲ್ಲಿ.

ಮೊದಲನೇದು ವಿಭಕ್ತಿ. ಇಂಗ್ಲಿಷ್‌ನಲ್ಲಿ ಪದ ಹಾಗೇ ಇರತ್ತೆ, ಬ್ರಾಕೆಟ್ ಹಾಕಿದ್ರೆ ಲಿಂಕ್. ನಮ್ಮಲ್ಲಿ ಪದದ ಬಾಲ ಬದಲಾಗತ್ತೆ. ಪುಟದ ಹೆಸರು "ಮರ" ಅಂದ್ಕೊಳ್ಳಿ. "ಮರದಲ್ಲಿ" ಅಂತ ಬೇಕಾದ್ರೆ [[ಮರ]]ದಲ್ಲಿ ಅಂತ ಬರೆದ್ರೆ ಆಯ್ತು, ಬಾಲ ಹೊರಗೆ ಅಂಟ್ಕೊಂಡು ಕೂರತ್ತೆ. ಆದ್ರೆ ಪುಟದ ಹೆಸರು "ಕಾರು" ಇದ್ದು "ಕಾರಿನಲ್ಲಿ" ಅಂತ ಬರೀಬೇಕಾದ್ರೆ ಹಾಗೆ ಒಡೆಯೋಕೆ ಆಗಲ್ಲ, "ರು" ಹೋಗಿ "ರಿ" ಆಗ್ಬೇಕು. ಆಗ ಮಧ್ಯೆ ಒಂದು ಉದ್ದ ಗೀಟು ಹಾಕಿ [[ಕಾರು|ಕಾರಿನಲ್ಲಿ]] ಅಂತ ಬರೀರಿ, ಎಡಗಡೆ ಪುಟದ ಹೆಸರು, ಬಲಗಡೆ ಕಾಣೋ ಪದ. ಮೀಡಿಯಾವಿಕಿ, ಡೋಕುವಿಕಿ, ಅಬ್ಸಿಡಿಯನ್ ಮೂರರಲ್ಲೂ ಈ ಕ್ರಮವೇ. ಟಿಡ್ಲಿವಿಕಿಯಲ್ಲಿ ಮಾತ್ರ ಉಲ್ಟಾ, ಕಾಣೋ ಪದ ಮೊದಲು, ಪುಟದ ಹೆಸರು ಆಮೇಲೆ, ಇದನ್ನ ನೆನಪಿಟ್ಕೊಳ್ಳಿ.

ಎರಡನೇದು ಹುಡುಕಾಟ. "ರೇಡಿಯೋ" ಅಂತ ಒಂದು ಕಡೆ, "ರೇಡಿಯೊ" ಅಂತ ಇನ್ನೊಂದು ಕಡೆ ಬರೆದಿರ್ತೀವಿ, ಎರಡೂ ಚಾಲ್ತಿಯಲ್ಲಿದೆ. ಒಂದನ್ನ ಹುಡುಕಿದ್ರೆ ಇನ್ನೊಂದು ಬರಲ್ಲ. ಕೆಪಾಸಿಟರ್, ಕೆಪ್ಯಾಸಿಟರ್, ಕಂಡೆನ್ಸರ್ ಕಥೆ ಇನ್ನೂ ಉದ್ದ. ಪುಟದ ಕೊನೇಲಿ ಒಂದು ಸಾಲು ಇಟ್ಟು ಆ ವಸ್ತುವಿಗೆ ಇರೋ ಎಲ್ಲಾ ಹೆಸರು, ಎಲ್ಲಾ ಕಾಗುಣಿತ ಹಾಕಿಬಿಡಿ, ಅಬ್ಸಿಡಿಯನ್‌ನಲ್ಲಿ ಇದಕ್ಕೆ ಅಲಿಯಾಸ್ ಅಂತಾನೇ ಒಂದು ಜಾಗ ಇದೆ. ಹುಡುಕೋವಾಗ ಕೊನೇ ಸ್ವರ ಬಿಟ್ಟು ಟೈಪ್ ಮಾಡೋ ಅಭ್ಯಾಸ ಮಾಡ್ಕೊಳ್ಳಿ, "ಊರ" ಅಂದ್ರೆ ಊರು, ಊರಿನ, ಊರಲ್ಲಿ ಎಲ್ಲವೂ ಬಹಳಷ್ಟು ಟೂಲ್‌ಗಳಲ್ಲಿ ಸಿಗತ್ತೆ.

ಮೂರನೇದು ಕಣ್ಣಿಗೆ ಕಾಣದ್ದು. "ಕೆಪಾಸಿಟರ್‌ನಲ್ಲಿ" ಅಂತ ಬಿಡಿಸಿ ತೋರಿಸೋಕೆ ಮಧ್ಯೆ ಒಂದು ಅದೃಶ್ಯ ಅಕ್ಷರ ಕೂತಿರತ್ತೆ, ಅದಿಲ್ದೆ ಟೈಪ್ ಮಾಡಿದ್ರೆ "ಕೆಪಾಸಿಟರ್ನಲ್ಲಿ" ಅಂತ ಒತ್ತಕ್ಷರ ಆಗತ್ತೆ. ಕಂಪ್ಯೂಟರ್‌ಗೆ ಇವೆರಡು ಬೇರೆ ಬೇರೆ ಪದ. ಹಾಗೇ ದೀರ್ಘ "ಏ" ಕಾರದ ಗುರುತನ್ನ, ಎಲ್ಲಾ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡೋ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗೂ ಇಡಬಹುದು, ಹ್ರಸ್ವದ ಗುರುತು ಮತ್ತು ದೀರ್ಘದ ಬಾಲ ಅಂತ ಎರಡಾಗೂ ಇಡಬಹುದು, ನೋಡೋಕೆ ಒಂದೇ. ಪುಟದ ಹೆಸರಲ್ಲಿ ಅದೃಶ್ಯ ಅಕ್ಷರ ಬರೋ ಪದ ಇಡ್ಲೇಬೇಡಿ, ಮುಂದೆ ತುಂಬಾ ತಲೆನೋವು ಉಳಿಯತ್ತೆ.

ನಾಲ್ಕನೇದು ಹೆಸರಿನ ಉದ್ದ, ಇದು ಮರಕುಟಿಗ ಅವರ ವಾಕ್ಯದ ತಲೆಬರಹಕ್ಕೆ ನೇರ ಸಂಬಂಧ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸೋ ಇಎಕ್ಸ್‌ಟಿ4 ಫೈಲ್‌ಸಿಸ್ಟಂನಲ್ಲಿ (ಡಿಸ್ಕ್‌ನಲ್ಲಿ ಫೈಲ್‌ಗಳನ್ನ ಇಡೋ ವ್ಯವಸ್ಥೆ) ಫೈಲ್ ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ (ಯುನಿಕೋಡ್ ಸಂಕೇತಗಳನ್ನ ಉಳಿಸೋ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಅಂದ್ರೆ 85 ಸಂಕೇತ. ಸಂಕೇತ ಅಂದ್ರೆ ನಾವು ನೋಡೋ ಅಕ್ಷರ ಅಲ್ಲ, "ಕ್ಷೇ" ಅನ್ನೋದೇ ನಾಲ್ಕು ಸಂಕೇತ, 12 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೇರೆ ಥರ ಎಣಿಸತ್ತೆ, ಅಲ್ಲಿ ಇದರ ಮೂರರಷ್ಟು ಉದ್ದದ ಕನ್ನಡ ಹೆಸರು ಕೂರತ್ತೆ. ಹಾಗಾಗಿ ವಿಂಡೋಸ್‌ನಲ್ಲಿ ಚೆನ್ನಾಗಿದ್ದ ಪುಟ ಲಿನಕ್ಸ್ ಸರ್ವರ್‌ಗೆ ಕಾಪಿನೇ ಆಗಲ್ಲ. ಡೋಕುವಿಕಿ ಇನ್ನೂ ಬಿಗಿ, ಅದು ಮಾಮೂಲಿಯಾಗಿ ಫೈಲ್ ಹೆಸರನ್ನ ವೆಬ್ ವಿಳಾಸದ ಥರ ಸಂಕೇತಿಸಿ ಇಡತ್ತೆ, ಒಂದು ಕನ್ನಡ ಸಂಕೇತಕ್ಕೆ 9 ಬೈಟ್, ಅಂದ್ರೆ 28 ಸಂಕೇತಕ್ಕೇ ಮುಗೀತು. ಸೆಟ್ಟಿಂಗ್‌ನಲ್ಲಿ ಅದನ್ನ ಯುಟಿಎಫ್-8ಕ್ಕೆ ಬದಲಾಯಿಸಬಹುದು, ಆದ್ರೆ ಪುಟ ಬರೆಯೋಕೆ ಮುಂಚೆನೇ ಬದಲಾಯಿಸಿ, ಆಮೇಲೆ ಬದಲಾಯಿಸಿದ್ರೆ ಹಳೇ ಕನ್ನಡ ಹೆಸರಿನ ಪುಟಗಳು ವಿಕಿಗೆ ಕಾಣಲ್ಲ.

ಕಪ್ಪುಶಾಯಿ
ಇದನ್ನ ಯಾರಾದ್ರೂ ಮೊದಲೇ ಬರೆದಿಟ್ಟಿದ್ರೆ ಎಷ್ಟು ಜನರ ಸಮಯ ಉಳೀತಿತ್ತು! ಅಕ್ಷರಜೋಡಿ ಅವರೇ, ಈ ಪೋಸ್ಟೇ ಒಂದು ವಿಕಿ ಪುಟ, ನಿಮ್ಮಲ್ಲಿ ಹಾಕಿ ತೆರೆದಿಡಿ.

ನೆರಳುಗಿಡ
ನನ್ನದು ಬೇರೆ ಥರದ ವಿಕಿ. ಅಮ್ಮನ ಆರೋಗ್ಯದ್ದು. ಯಾವ ಔಷಧಿ ಯಾವಾಗ ಶುರು, ಯಾಕೆ ನಿಲ್ಲಿಸಿದ್ರು, ಯಾವುದಕ್ಕೆ ಅಲರ್ಜಿ, ಟೆಸ್ಟ್ ರಿಪೋರ್ಟ್‌ಗಳು, ಡಾಕ್ಟರ್‌ಗೆ ಕೇಳ್ಬೇಕಾದ ಪ್ರಶ್ನೆಗಳು. ಹಂಚೋದು ತಂಗಿ ಜೊತೆ ಮಾತ್ರ. ಆದ್ರೆ ಅದೇ ಕೆಲಸ ಮಾಡ್ತಾ ಮಾಡ್ತಾ "ಮನೇಲಿ ರೋಗಿ ನೋಡ್ಕೊಳೋರು ಏನೇನು ಬರೆದಿಟ್ಕೋಬೇಕು" ಅಂತ ಒಂದು ಪುಟ ಬೆಳೀತು, ಅದು ಎಲ್ರಿಗೂ ಉಪಯೋಗ ಆಗೋದು, ಅದನ್ನ ತೆರೆದಿಟ್ಟಿದೀನಿ. ಎರಡನ್ನೂ ಒಂದೇ ವಿಕಿಯಲ್ಲಿ ಇಟ್ಟು ಅನುಮತಿ ಮೇಲೆ ಭರವಸೆ ಇಡೋಕೆ ನನಗೆ ಧೈರ್ಯ ಇಲ್ಲ, ಎರಡು ಬೇರೆ ಬೇರೆ ಫೋಲ್ಡರ್, ಬೇರೆ ಬೇರೆ ವಿಕಿ. ತೆರೆದ ಪುಟದಿಂದ ಒಳಗಿನ ಪುಟಕ್ಕೆ ಒಂದೂ ಲಿಂಕ್ ಇಲ್ಲ, ಯಾಕಂದ್ರೆ ಪುಟ ತೆರೆಯದಿದ್ರೂ ಲಿಂಕ್‌ನಲ್ಲಿ ಪುಟದ ಹೆಸರು ಕಾಣತ್ತೆ, ಕಾಯಿಲೆಯ ಹೆಸರು ಕಂಡ್ರೇ ಸಾಕಲ್ವಾ.

ಗಿಟ್ (ಫೈಲ್‌ಗಳ ಪ್ರತಿ ಬದಲಾವಣೆ ಉಳಿಸಿಡೋ ಟೂಲ್) ಬಳಸೋರು ಒಂದು ಗಮನಿಸಿ. ಪುಟ ಅಳಿಸಿದ್ರೂ ಹಳೇ ಆವೃತ್ತಿ ಇತಿಹಾಸದಲ್ಲಿ ಉಳಿದಿರತ್ತೆ. ಖಾಸಗಿ ವಿಕಿಯನ್ನ ಸ್ವಚ್ಛ ಮಾಡಿ ಅದೇ ರೆಪೋ (ಇತಿಹಾಸ ಸಮೇತ ಇರೋ ಗಿಟ್ ಫೋಲ್ಡರ್) ತೆರೆದ್ರೆ ಎಲ್ಲವೂ ಹೊರಗೆ ಬಂದ ಹಾಗೆ. ಹೊಸ ರೆಪೋ ಮಾಡಿ ಬೇಕಾದ ಪುಟ ಮಾತ್ರ ಕಾಪಿ ಮಾಡಿ. ಮೊಬೈಲ್ ಫೋಟೋ ಹಾಕೋವಾಗ ಅದರೊಳಗೆ ಜಾಗದ ವಿವರ ಇರಬಹುದು, ಅದನ್ನ ತೆಗೆದು ಹಾಕಿ. ಪಾಸ್‌ವರ್ಡ್ ಯಾವ ವಿಕಿಯಲ್ಲೂ ಬೇಡ, ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇದೆ.

ದಾರದುಂಡೆ
ನೆರಳುಗಿಡ ಮೇಡಂ, ತುಂಬಾ ಥ್ಯಾಂಕ್ಸ್. ಗಿಟ್ ಇತಿಹಾಸದ ವಿಷಯ ನನ್ನ ತಲೇಲೇ ಇರ್ಲಿಲ್ಲ. ನನ್ನಲ್ಲೂ ಸೆಟ್ ಕೊಟ್ಟೋರ ಹೆಸರು, ಫೋನ್ ನಂಬರ್ ಎಲ್ಲಾ ಪುಟದ ಒಳಗೇ ಇದೆ.

ಇನ್ನೊಂದು ಅನುಮಾನ. ಕಂಪನಿಗಳ ಹಳೇ ಸರ್ವಿಸ್ ಮ್ಯಾನುಯಲ್ ಸ್ಕ್ಯಾನ್ ಮಾಡಿ ಇಟ್ಕೊಂಡಿದೀನಿ, ಅದನ್ನೂ ಹಾಕಬಹುದಾ?

ಮರಕುಟಿಗ
ಸ್ವಂತಕ್ಕೆ ಇಟ್ಕೊಳೋದು ಬೇರೆ, ಪ್ರಕಟ ಮಾಡೋದು ಬೇರೆ. ಕಂಪನಿ ಮುಚ್ಚಿಹೋಗಿದ್ರೂ ಅದರ ಮ್ಯಾನುಯಲ್‌ಗೆ ಕಾಪಿರೈಟ್ ಇನ್ನೂ ಇರಬಹುದು, ಸ್ಕ್ಯಾನ್ ಹಾಕ್ಬೇಡಿ. ಆದ್ರೆ "ಈ ಪಾಯಿಂಟ್‌ನಲ್ಲಿ ಇಷ್ಟು ವೋಲ್ಟ್" ಅನ್ನೋ ಸಂಗತಿಗೆ ಕಾಪಿರೈಟ್ ಇಲ್ಲ, ಅದನ್ನ ನಿಮ್ಮ ಮಾತಲ್ಲಿ, ನೀವು ಅಳೆದ ಸಂಖ್ಯೆ ಜೊತೆ ಬರೆದು, ಮೂಲ ಯಾವುದು ಅಂತ ಹೇಳಿ. ವಿಕಿಪೀಡಿಯಾದಿಂದ ಪ್ಯಾರಾ ತಗೊಂಡಿದ್ರೆ ಅದು ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ-ಎಸ್ಎ 4.0 ಲೈಸೆನ್ಸ್‌ನಲ್ಲಿ ಇರೋದು, ಎಲ್ಲಿಂದ ತಗೊಂಡಿದ್ದು ಅಂತ ಹಾಕ್ಬೇಕು, ಅದರಿಂದ ಬೆಳೆಸಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡ್ಬೇಕು.

ನಿಮ್ಮ ಬರಹಕ್ಕೂ ಒಂದು ಲೈಸೆನ್ಸ್ ಬರೀರಿ. ಏನೂ ಬರೀದಿದ್ರೆ ಓದೋರು ಓದಬಹುದು ಅಷ್ಟೇ, ತಿದ್ದಿ ಬೆಳೆಸಿ ಮತ್ತೆ ಹಂಚೋಕೆ ಅವರಿಗೆ ಹಕ್ಕಿಲ್ಲ. ಆದ್ರೆ ಕ್ರಿಯೇಟಿವ್ ಕಾಮನ್ಸ್ ಒಮ್ಮೆ ಕೊಟ್ಟ ಮೇಲೆ ಕೊಟ್ಟೋರಿಂದ ವಾಪಸ್ ತಗೊಳೋಕೆ ಆಗಲ್ಲ, ಅದನ್ನ ಯೋಚ್ನೆ ಮಾಡಿ ಹಾಕಿ.

ಓದುಗಣ್ಣು
ಓದ್ತಾ ಓದ್ತಾ ನನಗೂ ಆಸೆ ಹುಟ್ತಿದೆ. ಆದ್ರೂ ಒಂದು ಅನುಮಾನ ಉಳ್ಕೊಂಡಿದೆ. ವಿಕಿಪೀಡಿಯಾದಲ್ಲಿ ತಪ್ಪಿದ್ರೆ ಯಾರಾದ್ರೂ ತಿದ್ದುತಾರೆ. ಒಬ್ಬರೇ ಬರೆಯೋ ವಿಕಿಯಲ್ಲಿ ತಪ್ಪು ಹಾಗೇ ಉಳಿಯತ್ತೆ. ಅದನ್ನ ನಂಬಿ ಯಾರೋ ಕರೆಂಟ್ ಮುಟ್ಟಿದ್ರೆ?

ಕಪ್ಪುಶಾಯಿ
ಈ ಚರ್ಚೆಯಲ್ಲಿ ಬಂದ ಅತ್ಯಂತ ಮುಖ್ಯ ಪ್ರಶ್ನೆ ಇದೇ ಅಂತ ನನಗನ್ಸತ್ತೆ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್‌ನಲ್ಲಿ ಮೊದಲ ವಿಕಿ ತೆರೆದಾಗ ಅದರ ಬಲ ಇದ್ದಿದ್ದೇ ಯಾರು ಬೇಕಾದ್ರೂ ತಿದ್ದಬಹುದು ಅನ್ನೋದ್ರಲ್ಲಿ. ನಾವು ಸ್ವಂತ ವಿಕಿ ಅಂತ ಮಾಡ್ಕೊಂಡಾಗ ಪುಟ, ಲಿಂಕ್, ಹಳೇ ಆವೃತ್ತಿ ಎಲ್ಲಾ ತಗೊಂಡ್ವಿ, ತಿದ್ದೋ ಜನರನ್ನ ಮಾತ್ರ ಬಿಟ್ವಿ. ಆ ಕೊರತೆಯನ್ನ ಬೇರೆ ಥರ ತುಂಬ್ಬೇಕು.

ನಾನು ಮಾಡೋದು ಹೇಳ್ತೀನಿ. ಪ್ರತಿ ಹಂಚಿದ ಪುಟದ ಮೇಲೆ ಕೊನೇ ಸಲ ಪರೀಕ್ಷಿಸಿದ ದಿನಾಂಕ. ಪ್ರತಿ ಮುಖ್ಯ ಮಾತಿಗೂ ಇದು ನಾನೇ ಮಾಡಿ ನೋಡಿದ್ದಾ, ಓದಿದ್ದಾ, ಯಾರೋ ಹೇಳಿದ್ದಾ ಅನ್ನೋದು ಅಲ್ಲೇ ಪಕ್ಕದಲ್ಲಿ. "ನಾನು ಅಳೆದಿದ್ದು" ಮತ್ತು "ಮ್ಯಾನುಯಲ್‌ನಲ್ಲಿ ಇದ್ದಿದ್ದು" ಬೇರೆ ಬೇರೆ ಅಂತ ಓದೋರಿಗೆ ಕಾಣ್ಬೇಕು. ಗೊತ್ತಿರೋರು ತಿದ್ದುಪಡಿ ಕಳಿಸೋಕೆ ಒಂದು ವಿಳಾಸ, ಕಳಿಸಿದ್ರೆ ಅದನ್ನ ಪುಟದಲ್ಲೇ ಅವರ ಒಪ್ಪಿಗೆ ತಗೊಂಡು ದಾಖಲು ಮಾಡೋದು. ತಪ್ಪು ಅಂತ ಗೊತ್ತಾದ ಮಾತನ್ನ ಸದ್ದಿಲ್ದೆ ಅಳಿಸಬಾರದು, ಹಿಂದೆ ಹೀಗಿತ್ತು, ಯಾಕೆ ಬದಲಾಯ್ತು ಅಂತ ಒಂದು ಸಾಲು ಬಿಡ್ಬೇಕು, ಹಳೇದನ್ನ ಓದಿ ಹೋದೋರು ವಾಪಸ್ ಬಂದಾಗ ಅವರಿಗೆ ಅದು ಬೇಕು.

ಪರೀಕ್ಷಿಸೋಕೆ ಆಗದ ಪುಟ ಹಂಚೋದೇ ಬೇಡ. ಸ್ವಂತಕ್ಕೆ ಎಷ್ಟು ಬೇಕಾದ್ರೂ ಇಟ್ಕೊಳ್ಳಿ, ತೆರೆದಿಡೋದು ಸರಿಯಾಗಿ ಉಳಿಸ್ಕೊಳೋಕೆ ಆಗೋವಷ್ಟು ಮಾತ್ರ. ಹತ್ತು ಪುಟ ಆದ್ರೂ ಸರಿ.

ಸೊನ್ನೆಒಂದು
ಕನ್ನಿಂಗ್‌ಹ್ಯಾಮ್ ಹೆಸರು ಬಂತಲ್ಲ, ಅವರೇ 2011ರಲ್ಲಿ ಫೆಡರೇಟೆಡ್ ವಿಕಿ ಅಂತ ಶುರು ಮಾಡಿದ್ರು. ಒಬ್ಬೊಬ್ಬರಿಗೂ ಅವರದ್ದೇ ವಿಕಿ, ನಿಮ್ಮ ಪುಟ ನನಗೆ ಇಷ್ಟ ಆದ್ರೆ ನನ್ನಲ್ಲಿಗೆ ಒಂದು ಪ್ರತಿ ತಗೊಂಡು ತಿದ್ದುತೀನಿ, ನಿಮಗೆ ನನ್ನ ತಿದ್ದುಪಡಿ ಹಿಡಿಸಿದ್ರೆ ನೀವು ವಾಪಸ್ ತಗೋಬಹುದು. ಬಳಕೆ ಅಷ್ಟೊಂದು ಹರಡ್ಲಿಲ್ಲ, ಆದ್ರೆ ಇಬ್ಬರು ಮೂವರು ಒಂದೇ ಹವ್ಯಾಸದವರು ಮಾರ್ಕ್‌ಡೌನ್ ಫೋಲ್ಡರ್‌ಗಳನ್ನ ಗಿಟ್‌ನಲ್ಲಿ ಇಟ್ಕೊಂಡ್ರೆ ಹೆಚ್ಚುಕಮ್ಮಿ ಅದೇ ಕೆಲಸ ಆಗತ್ತೆ.

ನೆರಳುಗಿಡ
ಓದುಗಣ್ಣು ಅವರೇ, ಶುರು ಮಾಡೋದಾದ್ರೆ ವಿಭಾಗ, ಟ್ಯಾಗ್, ಫೋಲ್ಡರ್ ಅಂತ ಮೊದಲೇ ಕಟ್ಟೋಕೆ ಹೋಗ್ಬೇಡಿ. ಇವತ್ತು ಯಾವುದೋ ಒಂದನ್ನ ಎರಡನೇ ಸಲ ಹುಡುಕೋ ಪರಿಸ್ಥಿತಿ ಬಂದ್ರೆ ಅದನ್ನ ಬರೀರಿ, ಇನ್ನೂ ಇಲ್ಲದ ಪುಟಕ್ಕೂ ಲಿಂಕ್ ಹಾಕಿಟ್ಟಿರಿ. ಯಾವ ಖಾಲಿ ಲಿಂಕ್‌ಗೆ ಮತ್ತೆ ಮತ್ತೆ ಬಂದು ಮುಟ್ಟುತೀರೋ ಅದೇ ನೀವು ಮುಂದೆ ಬರೀಬೇಕಾದ ಪುಟ.

ದಾರದುಂಡೆ
ಎಲ್ರಿಗೂ ಮನಸಾರೆ ಧನ್ಯವಾದ. "ಹಮ್ ಬರ್ತಿದೆ" ಪುಟ ಬರೆಯೋಕೆ ಕೂತೆ. ಸುರಕ್ಷತೆ ಭಾಗ ಬರೀತಾ ಇದ್ದ ಹಾಗೆ ಒಂದು ಗೊತ್ತಾಯ್ತು, ನಾನು ಯಾವ ರೆಸಿಸ್ಟರ್ ಬಳಸಿ ಡಿಸ್ಚಾರ್ಜ್ ಮಾಡ್ತೀನಿ, ಎಷ್ಟು ಹೊತ್ತು ಹಿಡೀತೀನಿ ಅನ್ನೋದು ನನ್ನ ವಿಕಿಯಲ್ಲಿ ಎಲ್ಲೂ ಇಲ್ಲ. ಮೀಟರ್ ಹಿಡಿದು ಅಳೆದು ಬರೀತಿದೀನಿ. ಅದೊಂದೇ ಈಗ ಬೇರೆ ಪುಟ ಆಗಿದೆ, ಎಲ್ಲಾ ರಿಪೇರಿ ಪುಟದ ಮೇಲ್ಗಡೆನೂ ಅದಕ್ಕೆ ಲಿಂಕ್ ಹಾಕ್ತೀನಿ.

ಅಕ್ಷರಜೋಡಿ ಅವರಿಗೆ ಒಂದು ಪ್ರಶ್ನೆ: ನನ್ನದು ಹಳೇ ಮ್ಯಾಕ್, ಅದರಿಂದ ಗಿಟ್‌ಗೆ ಹಾಕಿದ್ರೆ ಲಿನಕ್ಸ್‌ನಲ್ಲಿ ಕೆಲವು ಪುಟ ಎರಡೆರಡು ಸಲ ಕಾಣತ್ತೆ, ಹೆಸರು ಒಂದೇ. ಇದು ನೀವು ಹೇಳಿದ ಅದೃಶ್ಯ ಅಕ್ಷರದ್ದಾ?

ಅಕ್ಷರಜೋಡಿ
ಅಲ್ಲ, ಇದು ದೀರ್ಘದ ಗುರುತು ಎರಡಾಗಿ ಒಡೆಯೋ ಸಮಸ್ಯೆ. ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಅನ್ನೋ ಫೈಲ್‌ಸಿಸ್ಟಂ ಫೈಲ್ ಹೆಸರನ್ನ ಒಡೆದ ರೂಪದಲ್ಲೇ ಇಡತ್ತೆ, ಲಿನಕ್ಸ್ ಕೊಟ್ಟಿದ್ದನ್ನ ಹಾಗೇ ಇಡತ್ತೆ, ಹಾಗಾಗಿ ಏ, ಓ, ಒ ಕಾರ ಇರೋ ಹೆಸರೆಲ್ಲ ಎರಡು ರೂಪದಲ್ಲಿ ನಿಲ್ಲತ್ತೆ. ನಿಮ್ಮ "ರೇಡಿಯೋ" ಪುಟಗಳೇ ಎರಡೆರಡು ಕಾಣ್ತಿರಬೇಕು ಅಲ್ವಾ? ಗಿಟ್‌ನಲ್ಲಿ ಪ್ರಿಕಂಪೋಸ್‌ಯುನಿಕೋಡ್ ಅಂತ ಒಂದು ಸೆಟ್ಟಿಂಗ್ ಇದೆ, ಮ್ಯಾಕ್‌ನಲ್ಲಿ ಅದನ್ನ ಆನ್ ಮಾಡಿ. ಆಮೇಲೆ ಲಿನಕ್ಸ್ ಕಡೆ ಎರಡೂ ಪ್ರತಿ ಹೋಲಿಸಿ, ಹೊಸ ಬರಹ ಯಾವುದರಲ್ಲಿದೆ ನೋಡ್ಕೊಂಡು, ಒಡೆದ ಹೆಸರಿನದನ್ನ ತೆಗೆದುಹಾಕಿ ಕಮಿಟ್ ಮಾಡಿ. ತೆಗೆಯೋಕೆ ಮುಂಚೆ ಇಡೀ ಫೋಲ್ಡರ್‌ನ ಒಂದು ಜಿಪ್ ಮಾಡಿಟ್ಕೊಳ್ಳಿ.